ಗುಟ್ಕಾ ಬಿಟ್ಟು ವೇಪ್ ಹಿಡಿದರೆ ಮೈಗೆ ಏನಾಗುತ್ತದೆ, ಬಿಡಿಸುವುದು ಹೇಗೆ?

ನಿಮ್ಮ ತಮ್ಮ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡು ಇಂಜಿನಿಯರಿಂಗ್ ಓದುತ್ತಿದ್ದಾನೆ, ಗುಟ್ಕಾ ಬಿಟ್ಟು ವೇಪ್ (ಇ-ಸಿಗರೇಟು) ಶುರು ಮಾಡಿದ್ದಾನೆ, ಕೇಳಿದರೆ "ಅಕ್ಕಾ, ಇದು ಬರೇ ಉಗಿ, ಏನೂ ಆಗೂದಿಲ್ಲ" ಅಂತಾನೆ, ಆದರೆ ಬೆಳಿಗ್ಗೆ ಕೆಮ್ಮು, ಆಗಾಗ ಎದೆ ಡವಡವ ಅಂತ ಬರೆದಿದ್ದೀರಿ. ಅವನ ಮಾತಿನಲ್ಲಿ ಒಂದಂಶ ನಿಜ ಇದೆ. ಎಲೆ ಸುಡುವುದಿಲ್ಲವಾದ್ದರಿಂದ ಸಿಗರೇಟಿನ ಟಾರ್, ಕಾರ್ಬನ್ ಮೊನಾಕ್ಸೈಡ್ ವೇಪ್‌ನಲ್ಲಿ ಇರುವುದಿಲ್ಲ. ಆದರೆ "ಸಿಗರೇಟಿಗಿಂತ ಕಡಿಮೆ ಹಾನಿ" ಎಂಬ ಲೆಕ್ಕ ಸಿಗರೇಟು ಸೇದುತ್ತಿದ್ದವರದು. ಗುಟ್ಕಾ ತಿನ್ನುವವನ ಬಾಯಿ ಕೆಡುತ್ತಿತ್ತು, ಶ್ವಾಸಕೋಶಕ್ಕೆ ಏನೂ ಇಳಿಯುತ್ತಿರಲಿಲ್ಲ. ಈಗ ಬಾಯಿಗೆ ಬಿಡುವು ಸಿಕ್ಕಿದೆ, ಶ್ವಾಸಕೋಶಕ್ಕೆ ಹೊಸದಾಗಿ ಕೆಲಸ ಬಿದ್ದಿದೆ. ನಿಕೋಟಿನ್ ಅಂತೂ ಬಿಟ್ಟಿಲ್ಲ, ಬಹುಶಃ ಹೆಚ್ಚಾಗಿದೆ.

ಮೊದಲು ಆ "ಉಗಿ" ಏನು ನೋಡೋಣ. ಒಳಗಡೆ ಒಂದು ಲಿಥಿಯಂ ಬ್ಯಾಟರಿ, ಒಂದು ಸಣ್ಣ ತಂತಿಯ ಸುರುಳಿ, ಅದಕ್ಕೆ ತಾಗಿಕೊಂಡ ಹತ್ತಿ, ಹತ್ತಿ ಹೀರಿಕೊಳ್ಳುವ ದ್ರವ, ಇಷ್ಟೇ. ದ್ರವ ಎಂದರೆ ನೀರಲ್ಲ: ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಜೊತೆಗೆ ಫ್ಲೇವರ್. ಎಳೆದಾಗ ತಂತಿ ಕಾಯ್ದು ದ್ರವ ಸಣ್ಣ ಹನಿಗಳಾಗಿ ಒಳಗೆ ಹೋಗುತ್ತದೆ. ಈ ಕಾವಿಗೆ ಗ್ಲೈಕಾಲ್, ಗ್ಲಿಸರಿನ್ ಸ್ವಲ್ಪ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್ ತರಹದ ಉರಿ ತರಿಸುವ ವಸ್ತುಗಳಾಗುತ್ತವೆ. ತಂತಿಯಿಂದ ನಿಕ್ಕಲ್, ಕ್ರೋಮಿಯಂ, ಬೆಸುಗೆಯಿಂದ ಸೀಸ ಕೂಡ ಹನಿಗಳಲ್ಲಿ ಸೇರುತ್ತದೆ. ದ್ರವ ಮುಗಿಯುತ್ತಾ ಬಂದು ಹತ್ತಿ ಒಣಗಿದಾಗ, ಅಥವಾ ಬಿಡುವಿಲ್ಲದೆ ಉದ್ದುದ್ದ ಎಳೆದಾಗ, ಗಂಟಲಿಗೆ ಕಮಟು ಸುಟ್ಟ ರುಚಿ ಹತ್ತುತ್ತದೆ. ಫಾರ್ಮಾಲ್ಡಿಹೈಡ್ ಅತಿ ಹೆಚ್ಚು ಹುಟ್ಟುವ ಹೊತ್ತು ಅದೇ. ಹುಡುಗರು "ರೊಕ್ಕ ಕೊಟ್ಟೀನಲ್ಲ" ಅಂತ ಅದನ್ನೂ ಕೊನೇ ಹನಿವರೆಗೆ ಎಳೆಯುತ್ತಾರೆ.

ಫ್ಲೇವರ್ ಬಗ್ಗೆ ಒಂದು ವಾದ ಬರುತ್ತದೆ: ಐಸ್‌ಕ್ರೀಮಿಗೆ ಹಾಕುವುದೇ ಅಲ್ಲವೇ? ಹೊಟ್ಟೆಗೆ ಹೋದದ್ದನ್ನು ಅರಗಿಸಲು ಆಮ್ಲ ಇದೆ, ಯಕೃತ್ತು ಇದೆ. ಶ್ವಾಸಕೋಶದಲ್ಲಿ ಹನಿ ಬಿದ್ದ ಜಾಗದಲ್ಲೇ ಕೆಲಸ ಮಾಡುತ್ತದೆ. ದಾಲ್ಚಿನ್ನಿ ವಾಸನೆಯ ಸಿನ್ನಮಾಲ್ಡಿಹೈಡ್, ಶ್ವಾಸನಾಳದಿಂದ ಕಫ ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳನ್ನು ಮಂದ ಮಾಡುತ್ತದೆ. ಕಫ ಒಳಗೇ ನಿಂತು ಬೆಳಿಗ್ಗೆ ಎದ್ದಾಗ ಕೆಮ್ಮು ಬರಲು ಇಂಥದ್ದೂ ಒಂದು ಕಾರಣ. ಅವನಿಗೆ ಮೊದಲೇ ಅಸ್ತಮಾ, ಅಲರ್ಜಿ ಇದ್ದರೆ ಇನ್ನೂ ಕಷ್ಟ. ಹುಬ್ಬಳ್ಳಿ ರಸ್ತೆಯ ಧೂಳು, ಬ್ಯಾಡಗಿ ಕಡೆಯವರಾದರೆ ಸುಗ್ಗಿಯ ಮೆಣಸಿನಕಾಯಿ ಘಾಟು, ಇವಕ್ಕೇ ಸಿಡಿಮಿಡಿ ಅನ್ನುವ ಶ್ವಾಸನಾಳಕ್ಕೆ ಗ್ಲೈಕಾಲ್ ಹನಿ ಇನ್ನಷ್ಟು ಕೆರಳಿಸುತ್ತದೆ.

ನನಗೆ ಹೆಚ್ಚು ಚಿಂತೆ ಇರುವುದು ನಿಕೋಟಿನ್ ಪ್ರಮಾಣದ ಬಗ್ಗೆ. ಡಬ್ಬಿ ಮೇಲೆ "5%" ಅಂತ ಇದ್ದರೆ ಒಂದು ಮಿ.ಲೀ.ಗೆ 50 ಮಿ.ಗ್ರಾಂ ಎಂದರ್ಥ. 10 ಮಿ.ಲೀ. ತುಂಬಿದ ಬಿಸಾಡುವ ವೇಪ್‌ನಲ್ಲಿ 500 ಮಿ.ಗ್ರಾಂ ಆಯಿತು. ಒಂದು ಸಿಗರೇಟಿನಿಂದ ಮೈಗೆ ಹತ್ತುವುದು ಸುಮಾರು 1ರಿಂದ 1.5 ಮಿ.ಗ್ರಾಂ. ಅರ್ಧದಷ್ಟೇ ಮೈಗೆ ಹತ್ತಿತು ಅಂದುಕೊಂಡರೂ, ಆ ವೇಪ್ ಒಂದು ವಾರಕ್ಕೆ ಖಾಲಿಯಾದರೆ ದಿನಕ್ಕೆ 25–35 ಸಿಗರೇಟಿನ ಲೆಕ್ಕ. ಹಾಗಾಗಿ "ದಿನಕ್ಕೆ ಎಷ್ಟು ಸಲ ಎಳೀತಿ" ಅಂತ ಕೇಳಬೇಡಿ, ಅವನಿಗೂ ಗೊತ್ತಿರುವುದಿಲ್ಲ. "ಒಂದು ಎಷ್ಟು ದಿನ ಬರ್ತದ" ಅಂತ ಕೇಳಿ.

ಅಷ್ಟು ನಿಕೋಟಿನ್ ಗಂಟಲಿಗೆ ಹತ್ತದೆ ಹೇಗೆ ಇಳಿಯುತ್ತದೆ? ಹಳೇ ದ್ರವಗಳಲ್ಲಿ ನಿಕೋಟಿನ್ ಜಾಸ್ತಿಯಾದರೆ ಗಂಟಲು ಉರಿದು ತಾನಾಗಿ ಕೈಬಿಡುತ್ತಿದ್ದರು. ಈಗ ಬೆಂಜೋಯಿಕ್ ಆಮ್ಲ ಸೇರಿಸಿ ನಿಕೋಟಿನ್ ಸಾಲ್ಟ್ ಮಾಡುತ್ತಾರೆ, ಉರಿ ಹೋಗುತ್ತದೆ, ಪ್ರಮಾಣ ಹಾಗೇ ಇರುತ್ತದೆ. ಸಿಗರೇಟು ಉರಿದು ಮುಗಿಯುತ್ತದೆ, ಇದಕ್ಕೆ ಮುಗಿಯುವ ಗಡಿಯೇ ಇಲ್ಲ, ಹಾಸಿಗೆಯಲ್ಲೂ ಕೈಯಲ್ಲಿರುತ್ತದೆ. ಎದೆ ಡವಡವ ಬಹುಪಾಲು ಇದರದೇ: ನಿಕೋಟಿನ್ ಅಡ್ರಿನಲಿನ್ ಹೆಚ್ಚಿಸುತ್ತದೆ, ನಾಡಿ, ಬಿಪಿ ಏರುತ್ತವೆ, ರಕ್ತನಾಳ ಬಿಗಿಯುತ್ತವೆ. ಎಳೆದ ಮೇಲೆ ತಲೆ ಸುತ್ತು, ಬೆವರು, ವಾಕರಿಕೆ ಬಂದರೆ ಅದು ಪ್ರಮಾಣ ಮೀರಿದ ಲಕ್ಷಣ. ಆದರೂ ಒಮ್ಮೆ ಇಸಿಜಿ ಮಾಡಿಸಿ, ನಿಕೋಟಿನ್ ಮೇಲೆ ಹಾಕಿ ಸುಮ್ಮನಾಗಬೇಡಿ.

2019–20ರಲ್ಲಿ ಅಮೆರಿಕದಲ್ಲಿ ವೇಪ್‌ನಿಂದ ಶ್ವಾಸಕೋಶ ಗಾಯಗೊಂಡು 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, 2020ರ ಫೆಬ್ರುವರಿ ಹೊತ್ತಿಗೆ 68 ಜನ ಸತ್ತಿದ್ದರು. ಮುಖ್ಯ ಅಪರಾಧಿ ಗಾಂಜಾ ಅಂಶದ ಕಳ್ಳಮಾಲಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಇದನ್ನು ಹೇಳಿ ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ನಮ್ಮಲ್ಲಿ ಸಿಗುವುದೆಲ್ಲ ಕಳ್ಳಮಾಲೇ. ಕರ್ನಾಟಕ 2016ರಲ್ಲೇ ವೇಪ್ ನಿಷೇಧಿಸಿತು, 2019ರ ಕೇಂದ್ರ ಕಾಯ್ದೆ ತಯಾರಿ, ಮಾರಾಟ, ಸಾಗಣೆ, ಜಾಹೀರಾತು ಎಲ್ಲಕ್ಕೂ ತಡೆ ಹಾಕಿತು. ಡಬ್ಬಿ ಮೇಲಿನ ಅಂಕಿ, "ನಿಕೋಟಿನ್ ಇಲ್ಲ" ಎಂಬ ಬರಹ, ಯಾವುದನ್ನೂ ಇಲ್ಲಿ ಯಾರೂ ಪರೀಕ್ಷಿಸಿರುವುದಿಲ್ಲ. ಗೆಳೆಯರ ಸ್ಟಾಕ್ ತನ್ನ ರೂಮಿನಲ್ಲಿ ಇಡಗೊಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಇದನ್ನೂ ಅವನ ಕಿವಿಗೆ ಹಾಕಿ.

ಉಸಿರು ಕಟ್ಟುವುದು, ಎದೆನೋವು, ಜ್ವರ, ಜೊತೆಗೆ ವಾಂತಿ-ಭೇದಿ ಬಂದರೆ, ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕೆಳಗೆ ತೋರಿಸಿದರೆ, ಅಂದೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ವೇಪ್ ವಿಷಯ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಎಕ್ಸ್‌ರೇ ನೋಡಿ ನ್ಯುಮೋನಿಯಾ ಅಂತ ಆಂಟಿಬಯೋಟಿಕ್ ಕೊಟ್ಟು ಕಾಯುತ್ತಾರೆ, ಹೊತ್ತು ಕಳೆದುಹೋಗುತ್ತದೆ. ಜೊತೆಗೆ ಹಳೇ ಗುಟ್ಕಾದ ಲೆಕ್ಕವೂ ಬಾಕಿ ಇದೆ: ಬಾಯಿ ಪೂರ್ತಿ ತೆರೆದು ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲಿನ ನಡುವೆ ತೂರಿಸಲಿ. ತೂರದಿದ್ದರೆ, ಖಾರ ತಿಂದರೆ ಉರಿದರೆ, ದಂತವೈದ್ಯರಿಗೆ ತೋರಿಸಿ. ಅಡಿಕೆಯಿಂದ ಬಿಗಿದ ಬಾಯಿ ಗುಟ್ಕಾ ಬಿಟ್ಟಾಕ್ಷಣ ಸಡಿಲವಾಗುವುದಿಲ್ಲ.

ಇನ್ನು ಬಿಡಿಸುವ ವಿಷಯ. ಬೈದರೆ ಅವನು ನಿಮ್ಮ ಕಣ್ತಪ್ಪಿಸಿ ಎಳೆಯುತ್ತಾನೆ ಅಷ್ಟೇ. ನಿಕೋಟಿನ್ ಗಮ್ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ, 2 ಮತ್ತು 4 ಮಿ.ಗ್ರಾಂ. ಎದ್ದ ಅರ್ಧ ಗಂಟೆಯೊಳಗೆ ವೇಪ್ ಬೇಕು ಅನ್ನುವವರಿಗೆ ಸಾಮಾನ್ಯವಾಗಿ 4 ಬೇಕಾಗುತ್ತದೆ, ವೈದ್ಯರನ್ನು ಕೇಳಿ ಶುರು ಮಾಡಲಿ. ಮೊದಲ ಆರು ವಾರ ಗಂಟೆ-ಎರಡು ಗಂಟೆಗೊಂದು, ಆಮೇಲೆ ಮೂರು ವಾರ ಎರಡು-ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ನಮ್ಮ ಕಡೆ ಗಮ್ ಕೆಲಸ ಮಾಡಲಿಲ್ಲ ಅನ್ನುವವರಲ್ಲಿ ಬಹಳ ಜನ ಅದನ್ನು ಎಲಿ-ಅಡಕಿ ಹಂಗ ಅಗಿದಿರುತ್ತಾರೆ. ಒಂದೇ ಸಮ ಅಗಿದರೆ ನಿಕೋಟಿನ್ ಎಲ್ಲ ಜೊಲ್ಲಿನೊಂದಿಗೆ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ ಬರುತ್ತದೆ, ಚಟಕ್ಕೆ ಏನೂ ಸಿಗುವುದಿಲ್ಲ. ನಿಧಾನ ಅಗಿದು, ಖಾರ ಖಾರ ಅನ್ನಿಸಿದ ಕೂಡಲೇ ಕೆನ್ನೆ-ವಸಡಿನ ಸಂದಿಯಲ್ಲಿ ಒತ್ತರಿಸಿ ಇಡಬೇಕು. ಖಾರ ಇಳಿದ ಮೇಲೆ ಮತ್ತೆ ನಾಲ್ಕಾರು ಸಲ ಅಗಿದು, ಈ ಸಲ ಬೇರೆ ಕಡೆ ಇಡಬೇಕು. ಒಂದು ಗಮ್ ಅರ್ಧ ಗಂಟೆ ಬರಬೇಕು. ಚಹಾ, ಕಾಫಿ, ಕೋಲಾ ಕುಡಿದ ಕಾಲು ಗಂಟೆ ಬಿಟ್ಟೇ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ನಿಕೋಟಿನ್ ಬಾಯಿಯಲ್ಲಿ ಹೀರಿಕೊಳ್ಳುವುದಿಲ್ಲ.

ಬಿಟ್ಟ ಎರಡು-ಮೂರನೇ ದಿನ ಸಿಟ್ಟು, ತಲೆನೋವು, ಹಸಿವು, ನಿದ್ದೆಗೇಡು ತುತ್ತತುದಿಗೆ ಹೋಗಿ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಪರೀಕ್ಷೆ ವಾರಕ್ಕೆ ಮುಹೂರ್ತ ಇಡಬೇಡಿ. ಆ ದಿನಗಳಲ್ಲಿ ಅವನು ಜಾರುವುದು ವೇಪ್‌ಗಿಂತ ಹಳೇ ಗುಟ್ಕಾ ಕಡೆಗೆ, ಯಾಕೆಂದರೆ ಅದು ಮೂಲೆ ಮೂಲೆಯ ಪಾನ್ ಅಂಗಡಿಯಲ್ಲಿ ಕೈಗೆ ಸಿಗುತ್ತದೆ. ಅದನ್ನು ಮೊದಲೇ ಮಾತಾಡಿಕೊಳ್ಳಿ. ಗಮ್ ಒಂದರಿಂದ ಆಗದಿದ್ದರೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್, ಮಾತ್ರೆ ಇವೆ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಳೇ ಕಿಮ್ಸ್) ಆಸ್ಪತ್ರೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಗದಗ-ಹಾವೇರಿಯವರಾದರೆ ಜಿಲ್ಲಾಸ್ಪತ್ರೆಯಲ್ಲಿ ಕೇಳಿ. ತಂಬಾಕು ಬಿಡಿಸುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356.

ಉಳಿದ ವೇಪ್ ಬಿಸಾಡುವಾಗ ಒಡೆಯಬೇಡಿ, ಕಸದ ಬೆಂಕಿಗೆ ಹಾಕಬೇಡಿ, ಬ್ಯಾಟರಿ ಸಿಡಿಯುತ್ತದೆ. ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ. ದ್ರವ ಕೈಗೆ ತಾಗಿದರೆ ಸೋಪಿನಿಂದ ತೊಳೆಯಿರಿ. ಮನೆಯಲ್ಲಿ ಸಣ್ಣ ಮಗು ಅದನ್ನು ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಲು ಹೋಗದೆ, ಡಬ್ಬಿ ಸಮೇತ ನೇರ ಎಮರ್ಜೆನ್ಸಿಗೆ ಕರೆದೊಯ್ಯಿರಿ.