ಮಾವಿನ ಮರ ಒಣಗಿಸೋದು ಕಲ್ಲುಹೂವಲ್ಲ, ಆ ಬ್ರಶ್ ಕೆಳಗಿಡಿ

ಮಳೆಗಾಲ ಮುಗಿಯುತ್ತಿದ್ದ ಹಾಗೆ ಇದೇ ಪ್ರಶ್ನೆ ಶುರುವಾಗುತ್ತದೆ. ಊರು ಬೇರೆ, ಫೋಟೊ ಬೇರೆ, ಪ್ರಶ್ನೆ ಒಂದೇ. ಈ ಸಲ ಅದಕ್ಕೇ ಜಾಸ್ತಿ ಜಾಗ.

ಪ್ರಶ್ನೆ: ನಮ್ಮ ಹಳೇ ಬಾದಾಮಿ ಮಾವಿನ ಮರಗಳ ಕಾಂಡದ ತುಂಬ ಬೂದು-ಹಸಿರು ಹಕ್ಕಳೆ ಎದ್ದಿದೆ. ಕೊಂಬೆಗಳೂ ಒಣಗುತ್ತಿವೆ. ತಂತಿ ಬ್ರಶ್ಶಿನಲ್ಲಿ ಉಜ್ಜಿ ಮೈಲುತುತ್ತ ಹೊಡೆಯಿರಿ ಅಂತ ಔಷಧಿ ಅಂಗಡಿಯವರು ಹೇಳಿದರು. ಎಷ್ಟು ಸಲ ಹೊಡೆಯಬೇಕು ಸಾರ್? (ಶ್ರೀನಿವಾಸಪುರ)

ಉತ್ತರ: ಒಂದು ಸಲವೂ ಬೇಡ.

ಅದು ಕಲ್ಲುಹೂವು, ಅಂದರೆ ಲೈಕನ್. ಶಿಲೀಂಧ್ರ ಮತ್ತು ಪಾಚಿ ಸೇರಿ ಬದುಕುವ ಜೀವ ಅಂತ ಸ್ವಿಸ್ ಸಸ್ಯವಿಜ್ಞಾನಿ ಶ್ವೆಂಡೆನರ್ 1867ರಲ್ಲೇ ಹೇಳಿಯಾಗಿದೆ, ಮತ್ತೆ ಬಿಡಿಸಿ ಹೇಳಲ್ಲ. ನಿಮಗೆ ಬೇಕಾದ್ದು ಇಷ್ಟೇ: ಅದರ ಊಟವನ್ನು ಅದರೊಳಗಿನ ಪಾಚಿಯೇ ಬಿಸಿಲಲ್ಲಿ ತಯಾರಿಸುತ್ತದೆ. ನೀರು, ಲವಣ ಎಲ್ಲ ಮಳೆ, ಮಂಜು, ಧೂಳಿನಿಂದ ಬರುತ್ತದೆ. ಮರದ ರಸ ಹೀರೋಕೆ ಅದಕ್ಕೆ ಬೇರುಗಳೇ ಇಲ್ಲ.

ನಂಬಿಕೆ ಬರಲ್ವಾ? ತೋಟಕ್ಕೆ ಹೋಗಿ ಒಂದು ಹಕ್ಕಳೆ ಮೇಲೆ ಬೊಗಸೆ ನೀರು ಹಾಕಿ. ಬೂದು ಬಣ್ಣ ಹೋಗಿ ನಿಮ್ಮ ಕಣ್ಣೆದುರೇ ಹಸಿರಾಗುತ್ತದೆ. ನೆಂದಾಗ ಮೇಲಿನ ಪದರ ಪಾರದರ್ಶಕವಾಗಿ ಒಳಗಿನ ಪಾಚಿ ಕಾಣಿಸುತ್ತದೆ. ಈಗ ಉಗುರಿನಲ್ಲಿ ಮೆಲ್ಲಗೆ ಎಬ್ಬಿಸಿ. ಅಡಿಯಲ್ಲಿ ಸಣ್ಣ ಕಪ್ಪು ಎಳೆಗಳಿರುತ್ತವೆ. ಅವು ಹಿಡಿದಿರೋದು ಸತ್ತ ಹೊರತೊಗಟೆಯನ್ನು ಮಾತ್ರ. ಕೆಳಗಿನ ಹಸಿ ತೊಗಟೆಗೆ ಒಂದು ಗೀರೂ ಬಿದ್ದಿರಲ್ಲ.

ಹಾಗಾದರೆ ಒಣಗೋ ಮರದಲ್ಲೇ ಯಾಕೆ ಜಾಸ್ತಿ? ನೀವು ಲೆಕ್ಕ ತಿರುಗಾಮುರುಗಾ ಮಾಡಿದ್ದೀರಿ. ಮರ ಸೊರಗಿ ಎಲೆ ತೆಳುವಾದರೆ ಕಾಂಡಕ್ಕೆ ಬಿಸಿಲು ಬೀಳುತ್ತದೆ. ಬೆಳವಣಿಗೆ ನಿಧಾನವಾದ್ದರಿಂದ ತೊಗಟೆ ಬೇಗ ಉದುರಲ್ಲ. ಕಲ್ಲುಹೂವಿಗೆ ಇವೆರಡೂ ಅನುಕೂಲ. ಮರ ಮೊದಲು ಸೊರಗಿತು, ಇದು ಆಮೇಲೆ ಬಂತು.

ಸ್ಕಾಟ್ಲೆಂಡ್, ನಾರ್ವೆಯ ಕರಾವಳಿಯ ತೇವದ ಕಾಡುಗಳಲ್ಲಿ ಲೋಬೇರಿಯಾ ಪಲ್ಮನೇರಿಯಾ ಅನ್ನೋ ಲೈಕನ್ ಇದೆ. ಅಂಗೈಗಿಂತ ದೊಡ್ಡದಾಗಿ ಹಳೇ ಮರಗಳ ಮೇಲೆ ತೆರೆತೆರೆಯಾಗಿ ಹಬ್ಬುತ್ತದೆ. ನೆಂದರೆ ಕಡು ಹಸಿರು, ಒಣಗಿದರೆ ಕಂದು. ಅದರಲ್ಲಿ ಮೂರನೆಯವನೂ ಇದ್ದಾನೆ: ನಾಸ್ಟಾಕ್ ಅನ್ನೋ ನೀಲಿಹಸಿರು ಬ್ಯಾಕ್ಟೀರಿಯಾ. ಅವನು ಗಾಳಿಯ ಸಾರಜನಕ ಹಿಡಿದು ಕೊಡುತ್ತಾನೆ. ಲೈಕನ್ ಉದುರಿ ಕೊಳೆತಾಗ ಅದು ಕಾಡಿನ ಮಣ್ಣಿಗೆ ಸೇರುತ್ತದೆ. ಕಲ್ಲುಹೂವು ಮರ ಕೊಲ್ಲೋದಾಗಿದ್ದರೆ ಆ ಹಳೇ ಮರಗಳು ನೂರಾರು ವರ್ಷ ನಿಲ್ಲುತ್ತಿದ್ದವಾ? ಸತ್ತದ್ದು ಲೈಕನ್ನೇ. ಕಲ್ಲಿದ್ದಲ ಹೊಗೆಯ ಗಂಧಕ ತಡೆಯಲಾಗದೆ ಇಂಗ್ಲೆಂಡಿನ ಎಷ್ಟೋ ಕಡೆ ಅದು ಕಾಣೆಯಾಯಿತು.

ಮೈಲುತುತ್ತ ಹೊಡೆದರೆ ಕಲ್ಲುಹೂವು ಸಾಯುತ್ತದೆ, ನಿಜ. ಕೊಂಬೆ ಒಣಗೋದು ನಿಲ್ಲಲ್ಲ. ತಂತಿ ಬ್ರಶ್ ಇನ್ನೂ ಕೆಟ್ಟದು. ಆ ಗಾಯದಿಂದಲೇ ಕೊಂಬೆ ಒಣಗಿಸೋ ಶಿಲೀಂಧ್ರ ಒಳಗೆ ನುಗ್ಗುತ್ತದೆ. ಕಾಸು ಕೊಟ್ಟು ರೋಗ ತಂದ ಹಾಗೆ.

ನಿಮ್ಮ ಫೋಟೊದ ಬಲ ಮೂಲೆ ನೋಡಿ. ಮಾವಿನ ಕೊಂಬೆಯಲ್ಲಿ ಬೇರೆ ಥರದ ಎಲೆ ಗೊಂಚಲು, ಬುಡದಲ್ಲಿ ಗಂಟು. ಅದು ಬದನಿಕೆ ಸ್ವಾಮಿ! ಮರದೊಳಗೆ ಬೇರಿಳಿಸಿ ನೀರು ಕುಡಿಯೋದು ಅದು. ಅದನ್ನು ಬಿಟ್ಟು ಕಲ್ಲುಹೂವು ಉಜ್ಜುತ್ತಾ ಕೂತಿದ್ದೀರಿ. ಎಲೆ ಮಾತ್ರ ಕಿತ್ತರೆ ಮತ್ತೆ ಚಿಗುರುತ್ತದೆ. ಗಂಟಿಗಿಂತ ಒಂದು ಅಡಿ ಕೆಳಗೆ, ಕೊಂಬೆ ಸಮೇತ ಕೊಯ್ಯಿರಿ. ಅದು ಹಣ್ಣು ಬಿಡೋ ಮುಂಚೆ ಕೊಯ್ಯಿರಿ, ಇಲ್ಲದಿದ್ದರೆ ಹಕ್ಕಿಗಳು ಆ ಅಂಟು ಬೀಜವನ್ನು ಪಕ್ಕದ ಮರಕ್ಕೆ ಒರೆಸಿ ಹೋಗುತ್ತವೆ. ಕಾಂಡದಲ್ಲಿ ತೂತು, ಬುಡದಲ್ಲಿ ಮರದ ಪುಡಿ ಇದೆಯಾ ಅಂತಲೂ ನೋಡಿ. ಇದ್ದರೆ ಕಾಂಡ ಕೊರೆಯುವ ಹುಳು ಇದೆ ಅಂತ. ತಂದ ಮೈಲುತುತ್ತ ದಂಡ ಆಗಬಾರದು ಅಂದರೆ ಸುಣ್ಣ ಸೇರಿಸಿ ಬೋರ್ಡೋ ಪೇಸ್ಟ್ ಮಾಡಿ, ಕೊಯ್ದ ಗಾಯಕ್ಕೆ ಹಚ್ಚಿ.

ಪ್ರಶ್ನೆ: ಕ್ರಷರ್ ಧೂಳಿನ ಕೆಮ್ಮಿಗೆ ಜಾತ್ರೆಯಲ್ಲಿ 'ಶ್ವಾಸಕೋಶದ ಪಾಚಿ' ಪುಡಿ ಮಾರುತ್ತಿದ್ದರು. ತಗೊಳ್ಳಬಹುದಾ? (ಚಿಕ್ಕಬಳ್ಳಾಪುರ)

ಉತ್ತರ: ಬೇಡ. ಮೇಲೆ ಹೇಳಿದ ಲೋಬೇರಿಯಾ ನೋಡೋಕೆ ಶ್ವಾಸಕೋಶದ ಥರ ಇದೆ ಅಂತ ಹಿಂದೆ ಯುರೋಪಿನಲ್ಲಿ ಹೀಗೇ ಕುಡಿಸುತ್ತಿದ್ದರು. ಬೆಂಡೆಕಾಯಿ ಬೆರಳಿನ ಥರ ಇದೆ ಅಂತ ಮುರಿದ ಬೆರಳಿಗೆ ಕಟ್ಟುತ್ತೀರಾ? ಕಲ್ಲಿನ ಧೂಳು ಕುಡಿದವರ ಕೆಮ್ಮು ಹುಡುಗಾಟ ಅಲ್ಲ. ನಾಳೆಯೇ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ.

ಪ್ರಶ್ನೆ: ಲೈಕನ್ ಮಾತ್ರೆ ತಿಂದರೆ ತೂಕ ಇಳಿಯುತ್ತಾ? (ತುಮಕೂರು)

ಉತ್ತರ: ಲಿವರ್ ಹೋಗುತ್ತದೆ. ಲೈಕನ್ನಿನ ಅಸ್ನಿಕ್ ಆಮ್ಲ ಇದ್ದ ಇಂಥ ಮಾತ್ರೆ ಬಗ್ಗೆ ಅಮೆರಿಕದ ಆಹಾರ-ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2001ರಲ್ಲೇ ಎಚ್ಚರಿಸಿದೆ.

ಪ್ರಶ್ನೆ: ನಂದಿ ಬೆಟ್ಟದ ಬಂಡೆ ಮೇಲಿನ ಕಲ್ಲುಹೂವು ಮಸಾಲೆ ಪುಡಿಗೆ ಆಗುತ್ತಾ?

ಉತ್ತರ: ಯಾವ ಜಾತಿ ಅಂತ ನಿಮಗೆ ಗೊತ್ತಾಗಲ್ಲ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯೋ ಜೀವ ಅದು, ಕೆರೆಯಬೇಡಿ. ದಿನಸಿ ಅಂಗಡಿಯಲ್ಲಿ ಕೊಳ್ಳಿ.