ವಿದ್ಯುತ್ ಯಂತ್ರವು ಅರಿವಳಿಕೆಗೆ ಬದಲಿಯಾದೀತೇ?

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಮುಂದಿನ ತಿಂಗಳು ಮಂಡಿ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಿದೆ. ಬೆನ್ನಿಗೆ ಕೊಡುವ ಅರಿವಳಿಕೆ ಚುಚ್ಚುಮದ್ದೆಂದರೆ ಅವರಿಗೆ ತುಂಬ ಭಯ. ಚೀನಾದಲ್ಲಿ ಸೂಜಿಗಳಿಗೆ ವಿದ್ಯುತ್ ಹರಿಸಿ ಅರಿವಳಿಕೆಯಿಲ್ಲದೆಯೇ ಶಸ್ತ್ರಚಿಕಿತ್ಸೆ ಮಾಡುತ್ತಾರೆಂದು ಪರಿಚಿತರು ಹೇಳಿದರು. ಫಿಸಿಯೋಥೆರಪಿಯವರು ಬಳಸುವ ಟೆನ್ಸ್ ಯಂತ್ರದಿಂದ ಹಾಗೆ ಮಾಡಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಂಡಿಯ ಶಸ್ತ್ರಚಿಕಿತ್ಸೆಗೆ ಅದು ಖಂಡಿತ ಸಾಲದು. ಪೆಟ್ಟು ಬಿದ್ದ ಮೊಣಕೈಯನ್ನು ಉಜ್ಜಿಕೊಂಡಾಗ ನೋವು ಕಡಿಮೆಯೆನಿಸುವುದು ನಿಮಗೂ ಗೊತ್ತು. ಸ್ಪರ್ಶವನ್ನು ಒಯ್ಯುವ ನರತಂತುಗಳು ಚುರುಕಾದರೆ ನೋವಿನ ಸಂದೇಶಗಳಿಗೆ ಬೆನ್ನುಹುರಿಯಲ್ಲೇ ತಡೆ ಬೀಳುತ್ತದೆ ಎಂದು ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ವಿವರಿಸಿದರು. ಟೆನ್ಸ್ ಯಂತ್ರವು ಚರ್ಮಕ್ಕೆ ಅಂಟಿಸಿದ ಪ್ಯಾಡ್‌ಗಳಿಂದ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿ ಅದೇ ತಂತುಗಳನ್ನು ಪ್ರಚೋದಿಸುತ್ತದೆ. ಆದರೆ ಈ ತಡೆ ನೋವನ್ನು ತಗ್ಗಿಸಬಲ್ಲದೇ ಹೊರತು, ಮೂಳೆ ಕೊಯ್ಯುವಾಗಿನ ನೋವನ್ನು ಪೂರ್ತಿ ನಿಲ್ಲಿಸಲಾರದು.

ಚೀನಾದಲ್ಲಿ 1958ರಿಂದ ಅಕ್ಯುಪಂಕ್ಚರ್ (ಸೂಜಿ ಚುಚ್ಚುವ ಚಿಕಿತ್ಸೆ) ಬಳಸಿ ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದು ನಿಜ. ಆದರೆ ಅದಕ್ಕೆ ಒಗ್ಗುವ ರೋಗಿಗಳನ್ನು ಮೊದಲೇ ಆರಿಸಿಕೊಳ್ಳುತ್ತಿದ್ದರು, ಜೊತೆಯಲ್ಲಿ ಔಷಧಗಳನ್ನೂ ಕೊಡುತ್ತಿದ್ದರು. ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಅವರ ಅಪೆಂಡಿಕ್ಸನ್ನು 1971ರಲ್ಲಿ ಬೀಜಿಂಗ್‌ನಲ್ಲಿ ಬರೀ ಸೂಜಿಗಳಿಂದಲೇ ತೆಗೆದರೆಂಬ ಮಾತು ಇಂದಿಗೂ ಓಡಾಡುತ್ತಿದೆ. ವಾಸ್ತವವಾಗಿ ಅವರಿಗೆ ಅರಿವಳಿಕೆಯ ಚುಚ್ಚುಮದ್ದನ್ನೇ ಕೊಟ್ಟಿದ್ದರು. ಸೂಜಿ ಚುಚ್ಚಿದ್ದು ಆಮೇಲೆ, ಹೊಟ್ಟೆಯುಬ್ಬರದ ಬಾಧೆಗೆ.

ಟೆನ್ಸ್ ಉಪಯೋಗಕ್ಕೆ ಬರುವುದು ಶಸ್ತ್ರಚಿಕಿತ್ಸೆಯ ನಂತರ. ಆ ದಿನಗಳಲ್ಲಿ ನೋವಿನ ಮಾತ್ರೆಗಳ ಅಗತ್ಯವನ್ನು ಅದು ಒಂದಿಷ್ಟು ಕಡಿಮೆ ಮಾಡಬಲ್ಲದು. ಪ್ಯಾಡ್‌ಗಳನ್ನು ಗಾಯದ ಮೇಲಲ್ಲ, ಡ್ರೆಸಿಂಗ್‌ನ ಎರಡೂ ಬದಿಯ ಆರೋಗ್ಯವಾದ ಚರ್ಮದ ಮೇಲೆ ಅಂಟಿಸಬೇಕು. ಸಾಮಾನ್ಯವಾಗಿ 80ರಿಂದ 100 ಹರ್ಟ್ಜ್‌ನಲ್ಲಿಟ್ಟು (ಅಂದರೆ ಸೆಕೆಂಡಿಗೆ ಅಷ್ಟು ಮಿಡಿತ), ನೋವಾಗದಂತೆ ಆದರೆ ಜುಮುಜುಮು ಬಲವಾಗಿಯೇ ತಿಳಿಯುವಂತೆ ವಿದ್ಯುತ್ತಿನ ಪ್ರಮಾಣವನ್ನು ಏರಿಸಬೇಕು. ಅನೇಕರು ಹೆದರಿ ತೀರಾ ಕಡಿಮೆ ಇಟ್ಟುಕೊಂಡು, ಯಂತ್ರದಿಂದ ಏನೂ ಪ್ರಯೋಜನವಾಗಲಿಲ್ಲವೆಂದು ಬದಿಗಿಡುತ್ತಾರೆ. ತಾಯಿಯವರಿಗೆ ಪೇಸ್‌ಮೇಕರ್ ಇದ್ದರೆ ಹೃದ್ರೋಗ ವೈದ್ಯರ ಒಪ್ಪಿಗೆಯಿಲ್ಲದೆ ಇದನ್ನು ಬಳಸಲೇಬೇಡಿ. ಸ್ಪರ್ಶ ಸರಿಯಾಗಿ ತಿಳಿಯದ ಚರ್ಮದ ಮೇಲೂ ಪ್ಯಾಡ್ ಬೇಡ. ಸಕ್ಕರೆ ಕಾಯಿಲೆ ಬಹುಕಾಲದಿಂದ ಇದ್ದರೆ ಸ್ಪರ್ಶ ಸರಿಯಾಗಿ ತಿಳಿಯುತ್ತದೆಯೇ ಎಂದು ಮೊದಲು ಪರೀಕ್ಷಿಸಬೇಕು.

ಇನ್ನು ಬೆನ್ನಿನ ಚುಚ್ಚುಮದ್ದಿನ ಭಯ. ಸಾಮಾನ್ಯವಾಗಿ ಮೊದಲು ಸಣ್ಣ ಸೂಜಿಯಿಂದ ಚರ್ಮವನ್ನು ಮರಗಟ್ಟಿಸುತ್ತಾರೆ. ಬೆನ್ನುಹುರಿ ಕೊನೆಗೊಳ್ಳುವ ಜಾಗಕ್ಕಿಂತ ಕೆಳಗೆ, ಸೊಂಟದ ಭಾಗದಲ್ಲಿ ಮುಖ್ಯ ಸೂಜಿಯನ್ನು ಹಾಕುವುದರಿಂದ ಹುರಿಗೆ ಪೆಟ್ಟಾಗುವ ಸಂಭವ ಅತ್ಯಂತ ವಿರಳ. ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆಯ ದಿನವೇ ಈ ಭಯವನ್ನು ಅರಿವಳಿಕೆ ತಜ್ಞರ ಮುಂದೆ ತಾಯಿಯವರೇ ಹೇಳಲಿ. ಮಂಪರು ಬರಿಸುವ ಔಷಧವನ್ನೋ, ಪೂರ್ಣ ಅರಿವಳಿಕೆಯನ್ನೋ ಕೊಡಬಹುದೇ ಎಂಬುದನ್ನು ಅವರ ಹೃದಯ ಮತ್ತು ಶ್ವಾಸಕೋಶಗಳ ಸ್ಥಿತಿ ನೋಡಿ ತಜ್ಞರು ತೀರ್ಮಾನಿಸುತ್ತಾರೆ.