ಲೈಬ್ರರಿ ಮುಂದೆ ಸೈಕಲ್ ಸ್ಟ್ಯಾಂಡ್: ಪುರಸಭೆಗೆ ಏನೆಂದು ಬರೆಯಬೇಕು?

ಮುಂಚಕ್ರ ಸಿಕ್ಕಿಸುವ ಅಗ್ಗದ ಸ್ಟ್ಯಾಂಡ್ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ಅದು ಬೇಡ. ಸೈಕಲ್ ವಾಲಿದರೆ ಭಾರವೆಲ್ಲ ರಿಮ್ ಮೇಲೆ ಬಿದ್ದು ಸೊಟ್ಟಗಾಗುತ್ತದೆ. ಫ್ರೇಮಿಗೆ ಬೀಗ ಹಾಕಲಾಗದೆ, ಕಳ್ಳ ಚಕ್ರವೊಂದನ್ನು ಬಿಟ್ಟು ಉಳಿದದ್ದನ್ನು ಒಯ್ಯುತ್ತಾನೆ.

ತಲೆಕೆಳಗಾದ ‘ಯು’ ಆಕಾರದ ಪೈಪ್ ಕೇಳಿ: ಸುಮಾರು 50 ಮಿ.ಮೀ. ವ್ಯಾಸ, ನೆಲದಿಂದ 75 ಸೆಂ.ಮೀ. ಎತ್ತರ, ಕಾಲುಗಳು ಕಾಂಕ್ರೀಟಿನೊಳಗೆ 25–30 ಸೆಂ.ಮೀ. ಒಂದಕ್ಕೆ ಎರಡು ಸೈಕಲ್. ಎರಡು ಸ್ಟ್ಯಾಂಡ್‌ಗಳ ನಡುವೆ 1 ಮೀಟರ್ ಅಂತರವೆಂದು ಬರೆಯಲೇಬೇಕು. ಇಲ್ಲದಿದ್ದರೆ ಗುತ್ತಿಗೆದಾರರು ಒತ್ತೊತ್ತಾಗಿ ನೆಟ್ಟು, ಹ್ಯಾಂಡಲ್‌ಗೆ ಹ್ಯಾಂಡಲ್ ತಾಗಿ ಅರ್ಧ ಖಾಲಿ ಉಳಿಯುತ್ತದೆ.

ಫುಟ್‌ಪಾತ್ ಮೇಲೆ ಹಾಕಿಸಬೇಡಿ. ಬದಲಿಗೆ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸುವ ಜಾಗ ಕೇಳಿ; ಒಂದು ಕಾರಿನ ಜಾಗದಲ್ಲಿ 8–10 ಸೈಕಲ್ ಹಿಡಿಸುತ್ತವೆ. ರಸ್ತೆ ದಾಟುವ ಕಡೆಯೇ ಆ ಜಾಗ ಆರಿಸಿದರೆ, ಕಾರಿನ ಮರೆಯಿಲ್ಲದೆ ಮಕ್ಕಳು ಚಾಲಕರಿಗೆ ಕಾಣುತ್ತಾರೆ. ಇದನ್ನು ನಕ್ಷೆ ಸಮೇತ ಮುಖ್ಯಾಧಿಕಾರಿಗೂ ವಾರ್ಡ್ ಸದಸ್ಯರಿಗೂ ಬಜೆಟ್ ತಯಾರಿಗೆ ಮುಂಚೆ, ಡಿಸೆಂಬರಿನೊಳಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.